ಅಜ್ಜಿಯ ಹಾಡು ಯಾರ ಶ್ರುತಿಗೆ?

ಜನವರಿ 6

ಅಕ್ಕ,

ನಿಂತಿದ್ದರೆ ಮೊದಲು ಕೂರು, ಆಮೇಲೆ ಓದು. ‘ಗಡಿಯಾರದಂಗಡಿ’ ಮತ್ತೆ ರಂಗದ ಮೇಲೆ ಬರುತ್ತಿದೆ. ನಮ್ಮ ಪತ್ರದಾಟವಲ್ಲ, ನಿಜವಾಗಿಯೂ ಬರುತ್ತಿದೆ.

ನಾನಿರುವ ಥಿಯೇಟರಿಗೆ ಹೊಸ ಚಾವಣಿ ಬಂದಿದೆ, ಹೊಸ ಕುರ್ಚಿ ಬಂದಿವೆ. ಏಪ್ರಿಲ್‌ನಲ್ಲಿ ಬಾಗಿಲು ತೆರೆಯಬೇಕು. ಮಾಲೀಕ ನನ್ನನ್ನು ಕರೆದು, “ಮೇಷ್ಟ್ರೇ, ಯಾವುದಾದ್ರೂ ಹಳೇ ಸಂಗೀತ ನಾಟಕ ಇದ್ರೆ ಹೇಳಿ. ಹಾಡು ಜಾಸ್ತಿ ಇರ್ಬೇಕು, ಸೆಟ್ಟು ಒಂದೇ ಇರ್ಬೇಕು” ಅಂದ. ಅಪ್ಪ ಬರೆದ ನಾಟಕದ ಹೆಸರು ಬಿಟ್ಟು ನನ್ನ ಬಾಯಿಗೆ ಬೇರೇನು ಬರುತ್ತದೆ ಹೇಳು? ಒಂದೇ ಅಂಗಡಿ, ಒಂದು ಬೆಂಚು, ಗೋಡೆ ತುಂಬ ಗಡಿಯಾರ, ಮಾತಿಗೊಂದು ಹಾಡು. ಅವನು ಕೇಳಿದ ಕೂಡಲೇ ಒಪ್ಪಿದ.

ಇದನ್ನು ಫೋನಿನಲ್ಲಿ ಕಿರುಚಿ ಹೇಳಬೇಕು ಅನ್ನಿಸಿತ್ತು. ಆದರೆ ಅಮ್ಮ ತೀರಿಕೊಂಡ ವರ್ಷ ಅಪ್ಪನ ಹಾರ್ಮೋನಿಯಂ ಪೆಟ್ಟಿಗೆ ಯಾರಿಗೆ ಅಂತ ಜಗಳವಾದಾಗ, “ಇನ್ಮೇಲೆ ನಿನ್ ಧ್ವನಿ ನನ್ ಕಿವಿಗೆ ಬೀಳ್ಬಾರ್ದು. ಏನಾದ್ರೂ ಇದ್ರೆ ಬರಿ” ಅಂತ ಫೋನ್ ಕುಕ್ಕಿದವಳು ನೀನು. ಸರಿ, ಹತ್ತು ವರ್ಷದಿಂದ ಬರೆಯುತ್ತಲೇ ಇದ್ದೇನೆ. ಬರೆದದ್ದಾದರೂ ಏನು? ಈ ನಾಟಕವನ್ನು ಇವತ್ತು ಆಡಿದರೆ ಯಾರಿಗೆ ಯಾವ ಪಾತ್ರ ಅಂತ. ಸತ್ತವರನ್ನೂ ಹಾಕಬಹುದು, ಸಿನಿಮಾದವರನ್ನು ಹಾಕುವಂತಿಲ್ಲ, ತನ್ನನ್ನು ತಾನೇ ಹಾಕಿಕೊಳ್ಳುವಂತಿಲ್ಲ. ಅಂಗಡಿ ನಡೆಸುವ ಮುಳ್ಳುಮಾಮನ ಪಾತ್ರಕ್ಕೆ ನೀನು ನಿನ್ನ ಹಲ್ಲಿನ ಡಾಕ್ಟರನ್ನು ಹಾಕಿ ನಾಲ್ಕು ಪುಟ ವಾದ ಮಾಡಿದ್ದೆ. ಎಷ್ಟು ಒಳ್ಳೆಯ ಕಂಪನಿ ಕಟ್ಟಿದ್ದೆವು ನಾವು, ಒಂದು ಟಿಕೆಟ್ಟೂ ಮಾರದೆ!

ಕೆಟ್ಟ ಸುದ್ದಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಗಳ ಪಾತ್ರಕ್ಕೆ, ಅಂದರೆ ಹಿಂದೆ ನೀನು ಆಡುತ್ತಿದ್ದ ಪಾತ್ರಕ್ಕೆ, ಟಿವಿಯ ಹಾಡಿನ ಸ್ಪರ್ಧೆ ಗೆದ್ದ ಒಂದು ಹುಡುಗಿಯನ್ನು ಮಾಲೀಕನೇ ಗೊತ್ತು ಮಾಡಿದ್ದಾನೆ. ಇಲ್ಲಿ ಎಲ್ಲರೂ ಅವಳನ್ನು ಗುಬ್ಬಚ್ಚಿ ಅನ್ನುತ್ತಾರೆ. ಕುಣಿಯುತ್ತಲೇ ಮಾತಾಡುತ್ತಾಳೆ. ಒಂದು ಸಮಾಧಾನವೆಂದರೆ ಅವಳ ಶ್ರುತಿಯೂ ನಿನ್ನ ಹಾಗೆ ಪೆಟ್ಟಿಗೆಯ ಕಪ್ಪು ಐದು. ನಿನಗೆ ಕೂಡಿಸಿದ್ದ ಹಾಡುಗಳನ್ನು ಮುಟ್ಟಬೇಕಾಗಿಲ್ಲ. ಉಳಿದ ಪಾತ್ರ ಎಲ್ಲ ನನ್ನ ಕೈಯಲ್ಲಿವೆ.

ಅಜ್ಜಿಯ ಪಾತ್ರದ ಬಗ್ಗೆ ಈಗ ಏನೂ ಹೇಳುವುದಿಲ್ಲ. ಅಪ್ಪನ ಪದ್ಧತಿ ನಿನಗೆ ಗೊತ್ತೇ ಇದೆ.

ನಿನ್ನ ತಮ್ಮ


ಜನವರಿ 15

ಲೋ ಮೊದ್ದು,

ಅಪ್ಪನ ಪದ್ಧತಿಯನ್ನು ನೀನು ನನಗೆ ನೆನಪಿಸುತ್ತೀಯಾ? ನೀನು ಮೂಗು ಸುರಿಸಿಕೊಂಡು ಪರದೆಯ ಹಗ್ಗಕ್ಕೆ ಜೋತಾಡುತ್ತಿದ್ದಾಗಲೇ ನಾನು ಆ ಗೋಡೆಯ ಮುಂದೆ ನಿಂತು ನಡುಗಿದ್ದೇನೆ. ಪಾತ್ರ ಬೇಕು ಅಂತ ಯಾರೂ ಕೇಳುವಂತಿಲ್ಲ. ಪಾತ್ರ ನಿನ್ನದು ಅಂತ ಅಪ್ಪನೂ ಹೇಳುವಂತಿಲ್ಲ. ಹಾಡಿನ ಹಾಳೆಯ ತಲೆಯ ಮೇಲೆ ಒಂದು ಶ್ರುತಿ ಬರೆದು ಗೋಡೆಗೆ ಅಂಟಿಸುತ್ತಿದ್ದರು, ಅಷ್ಟೆ. ಯಾರ ಗಂಟಲು ಪೆಟ್ಟಿಗೆಯ ಯಾವ ಮನೆಯಲ್ಲಿ ಕೂರುತ್ತದೆ ಅಂತ ಕಂಪನಿಗೆಲ್ಲ ಗೊತ್ತಿತ್ತು. ಕಪ್ಪು ಐದು ಅಂತಿದ್ದರೆ ನಾನು, ಬಿಳಿ ಮೂರು ಅಂತಿದ್ದರೆ ಅಮ್ಮ. ಬಾಯಿಬಿಟ್ಟು ಕೇಳಿದವರಿಗೆ ಕಸ ಗುಡಿಸುವವನ ಪಾತ್ರವೂ ಸಿಗುತ್ತಿರಲಿಲ್ಲ. ಹೊಸಬರು ಬಂದರೆ ಹಾಡಿಸುತ್ತಲೂ ಇರಲಿಲ್ಲ ಪುಣ್ಯಾತ್ಮ. “ಊಟ ಆಯ್ತಾ? ಬಸ್ಸು ಸಿಕ್ತಾ?” ಅಂತ ಮಾತಾಡಿಸುತ್ತಾ ಪೆಟ್ಟಿಗೆಯ ಮೇಲೆ ಬೆರಳು ಓಡಿಸಿ ಅವರ ಮನೆ ಹುಡುಕಿಬಿಡುತ್ತಿದ್ದರು. ಹಾಡುವಾಗ ಮನುಷ್ಯ ಸುಳ್ಳು ಹೇಳಬಹುದು, ಬಸ್ಸಿನ ವಿಷಯ ಮಾತಾಡುವಾಗ ಹೇಳಲಾರ ಅನ್ನುತ್ತಿದ್ದರು.

ಪತ್ರ ಓದಿ ಅತ್ತೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ನಿನ್ನ ಭಾವ ಡಿಪೋದಿಂದ ಗ್ರೀಸ್ ಕೈಯಲ್ಲೇ ಬಂದವರು, “ಯಾರು ಹೋದ್ರು?” ಅಂದರು. ಯಾರೂ ಹೋಗಿಲ್ಲ, ಬರುತ್ತಿದ್ದಾರೆ ಅಂದೆ. ಅವರು ತಲೆ ಕೆರೆದುಕೊಂಡು ಟೀ ಇಟ್ಟರು.

ಆದರೆ ಗುಬ್ಬಚ್ಚಿ! ಸ್ಪರ್ಧೆ ಗೆದ್ದವಳಂತೆ! ಆ ಮಗಳು ಮೊದಲ ಅಂಕದಲ್ಲಿ ಒಂದು ಸಾಲೂ ಹಾಡದೆ ಗಡಿಯಾರ ಒರೆಸುತ್ತಾ ನಿಲ್ಲಬೇಕು. ನಿಂತು ನೋಡುವುದು ಆ ಹುಡುಗಿಗೆ ಬರುತ್ತದಾ? ನನ್ನ ಮಾತು ಕೇಳು. ಕೆಡದ ಗಡಿಯಾರವನ್ನು ದಿನಾ ರಿಪೇರಿಗೆ ತರುವ ಆ ಪ್ರಯಾಣಿಕನ ಪಾತ್ರಕ್ಕಾದರೂ ಸರಿಯಾದವನನ್ನು ಹಾಕು. ನಮ್ಮ ಬೀದಿಗೆ ಪಾರ್ಸೆಲ್ ತರುವವನೊಬ್ಬನಿದ್ದಾನೆ. ಕೊಟ್ಟು, ಸಹಿ ಹಾಕಿಸಿಕೊಂಡ ಮೇಲೂ ಮೆಟ್ಟಿಲ ಮೇಲೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾನೆ, ಏನೋ ಮರೆತವನ ಹಾಗೆ. ಆ ಒಂದು ಕ್ಷಣ ನಿಲ್ಲಲು ಬರುವವನೇ ಬೇಕು. ಧ್ವನಿ ಆಮೇಲೆ ನೋಡಿಕೊಳ್ಳಬಹುದು.

ನಾನು ಈಗ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಿಲ್ಲ ಅಂತ ಹಿಂದೆಯೇ ಬರೆದಿದ್ದೆನಲ್ಲ, ಮಕ್ಕಳ ಗಲಾಟೆ ಸಾಕಾಯಿತು ಅಂತ. ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲೇ ಇದ್ದೇನೆ. ಇಡೀ ದಿನ ರಾಜರ ಕೋಟಿಗೆ ಗುಂಡಿ ಹೊಲಿಯುವುದು, ವಿಗ್ಗು ಬಾಚುವುದು. ನಿನ್ನೆ ಫೋನಿನಲ್ಲಿ ಗ್ಯಾಸಿನವನು ನನ್ನನ್ನು “ಆಯ್ತು ಸರ್, ಕಳಿಸ್ತೀನಿ ಸರ್” ಅಂದ. ರಾಜರ ಬಟ್ಟೆಯ ಮಧ್ಯೆ ಇದ್ದು ಇದ್ದು ಗಂಡಸೇ ಆಗಿಹೋದೆ ಅಂತ ಭಾವ ನಕ್ಕರು.

ಅಜ್ಜಿಯ ಪಾತ್ರ ಯಾರಿಗೆ ಅಂತ ನಾನು ಕೇಳುವುದಿಲ್ಲ. ಕೇಳುತ್ತೇನೆ ಅಂತ ನೀನು ಕಾಯುತ್ತಿದ್ದರೆ ಕಾಯುತ್ತಲೇ ಇರು.

ಅಕ್ಕ


ಫೆಬ್ರವರಿ 2

ಅಕ್ಕ,

ನಿನ್ನ ಪಾರ್ಸೆಲ್‌ನವನನ್ನು ಹುಡುಕಿದೆ. ಇಲ್ಲೂ ಒಬ್ಬ ಇದ್ದಾನೆ, ಥಿಯೇಟರಿನ ಟಿಕೆಟ್ ಕಿಟಕಿಯಲ್ಲಿ. ಚಿಲ್ಲರೆ ಕೊಟ್ಟ ಮೇಲೂ ಕೈ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಡಿಸಿದೆ, ತಕ್ಕ ಮಟ್ಟಿಗೆ ಹಾಡುತ್ತಾನೆ. ಹಾಕಿದ್ದೇನೆ. ಮುಳ್ಳುಮಾಮನಿಗೆ ಹಲ್ಲಿನ ಡಾಕ್ಟರು ಸಿಗಲಿಲ್ಲ, ಲೆಕ್ಕದ ಮೇಷ್ಟ್ರೊಬ್ಬರು ಸಿಕ್ಕಿದರು. ಅವರೂ ಯಾರ ಮುಖವನ್ನೂ ನೋಡುವುದಿಲ್ಲ.

ಅಜ್ಜಿಯ ಕೊನೆಯ ಹಾಡಿನ ಹಾಳೆ ಇದರ ಜೊತೆಗಿದೆ. ‘ಬಾಗಿಲು ತೆರೆದಿರಲಿ, ನಾನಿನ್ನೂ ಹೊರಟಿಲ್ಲ.’ ಅಮ್ಮ ಹಾಡುತ್ತಿದ್ದ ಶ್ರುತಿಯಿಂದ ಪೂರ್ತಿ ಮೇಲಕ್ಕೆತ್ತಿ ಹೊಸದಾಗಿ ಕೂಡಿಸಿದ್ದೇನೆ. ಪಿಟೀಲಿನವರು, ಕೊಳಲಿನವರು ಎಲ್ಲ ಬಯ್ದರು, ಸುಮ್ಮನೆ ಕೆಲಸ ಹೆಚ್ಚಿಸುತ್ತೀರಿ ಅಂತ. ಬಯ್ಯಲಿ. ಇಲ್ಲಿ ನನ್ನ ಕೋಣೆಯಲ್ಲಿ ನೀರಿನ ಪೈಪು ಸೋರುತ್ತದೆ, ಕೆಳಗೆ ಬಕೆಟ್ ಇಟ್ಟುಕೊಂಡು ಅದರ ಟಪ್ ಟಪ್ ತಾಳಕ್ಕೆ ಕೂತು ಬರೆದಿದ್ದೇನೆ.

ತಲೆಯ ಮೇಲೆ ಏನು ಬರೆದಿದೆ ನೋಡು. ನಾನು ಬೇರೇನೂ ಹೇಳುವುದಿಲ್ಲ.

ತಮ್ಮ


ಫೆಬ್ರವರಿ 9

ಕಪ್ಪು ಐದು!

ನಾಚಿಕೆಯಾಗುವುದಿಲ್ಲವೇನೋ ನಿನಗೆ? ಅಂಗಡಿಯ ಮೇಜಿನ ಮೇಲೆ ಸೈನಿಕರ ಟೋಪಿಗಳ ಮಧ್ಯೆ ಇಟ್ಟುಕೊಂಡು ಓದಿದೆ. ಮೈಯೆಲ್ಲ ಉರಿದುಹೋಯಿತು. ಗಿರಾಕಿ ಬಂದು ನಿಂತಿದ್ದರೂ ತಲೆ ಎತ್ತಲಿಲ್ಲ.

ಪೆಟ್ಟಿಗೆಯಲ್ಲಿ ಎಡಗಡೆ ತಗ್ಗು, ಬಲಗಡೆ ಎತ್ತರ ಅಂತ ಕೂಸಿಗೂ ಗೊತ್ತು. ಅಮ್ಮ ಅದನ್ನು ಬಿಳಿ ಮೂರರಲ್ಲಿ, ಕೆಳಗೆ, ಎದೆಯಿಂದ ಹಾಡುತ್ತಿದ್ದಳು. ಆ ಹಾಡು ಹುಟ್ಟಿದ್ದೇ ಅಲ್ಲಿ. ರಿಪೇರಿಗೆ ಕೊಟ್ಟ ಗಡಿಯಾರಕ್ಕಾಗಿ ಯಾವ ಕಾಲದಿಂದಲೋ ಬೆಂಚಿನ ಮೇಲೆ ಕಾಯುತ್ತಾ ಕೂತ ಮುದುಕಿ ಅವಳು. ಅಂಥವಳನ್ನು ಎತ್ತಿಕೊಂಡು ಹೋಗಿ ಮಾಳಿಗೆಯ ಮೇಲೆ ನಿಲ್ಲಿಸಿದ್ದೀಯ. ಯಾರಿಗೋಸ್ಕರ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಶ್ರುತಿ ನೋಡಿದ ಕೂಡಲೇ ಗೊತ್ತಾಯಿತು. ತಲೆಗೆ ಹಿಟ್ಟು ಸುರಿದು ಬೆನ್ನು ಬಗ್ಗಿಸಿ ಕೂರಿಸಿದರೆ ಅಜ್ಜಿಯಾಗಿಬಿಡುತ್ತಾರಾ? ಅದೂ ಒಂದು ಪಾತ್ರವಾ? ಅಪ್ಪ ಇದ್ದಿದ್ದರೆ ಪೆಟ್ಟಿಗೆಯ ಮುಚ್ಚಳವನ್ನು ನಿನ್ನ ಬೆರಳ ಮೇಲೆ ಹಾಕುತ್ತಿದ್ದರು.

ಹಾಳೆಯನ್ನು ಎರಡು ತುಂಡು ಮಾಡಿ ಇದರಲ್ಲೇ ಇಟ್ಟಿದ್ದೇನೆ. ನಾಲ್ಕು ಮಾಡಬೇಕಿತ್ತು, ನಿನ್ನ ಅಕ್ಷರ ನೋಡಿ ಕೈ ಬರಲಿಲ್ಲ. ನನಗೆ ಇದರ ಸಹವಾಸವೇ ಬೇಡ.


ಫೆಬ್ರವರಿ 20

ಅಕ್ಕ,

ನಿನ್ನ ಎರಡು ತುಂಡು ಬಂದು ತಲುಪಿದವು. ಬಹಳ ಉಪಕಾರವಾಯಿತು.

ಎರಡು ದಿನ ಉತ್ತರ ಬರೆಯಬಾರದು, ಬಿಸಿ ಆರಲಿ ಅಂದುಕೊಂಡೆ. ಆರಲಿಲ್ಲ, ಏರಿತು. ಈಗ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಕೇಳು. ನಿನ್ನ ಕಾಯಿಲೆ ನನಗೆ ಗೊತ್ತಾಯಿತು. ನಿನಗೆ ಮಗಳ ಪಾತ್ರವೇ ಬೇಕು! ಮೂವತ್ತು ವರ್ಷದ ಹಿಂದೆ ಎರಡು ಜಡೆ ಹಾಕಿಕೊಂಡು ಆಡಿದ್ದನ್ನೇ ಇವತ್ತೂ ಆಡಬೇಕು. ಗುಬ್ಬಚ್ಚಿ ಬಂದಳು ಅಂದ ಕೂಡಲೇ ಮುಖ ದಪ್ಪಗಾಯಿತು. ತಲೆಗೆ ಹಿಟ್ಟು ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು ಅವಮಾನ. ಅಕ್ಕ, ಕೋಪ ಮಾಡಿಕೊಳ್ಳಬೇಡ, ಅಥವಾ ಮಾಡಿಕೋ, ನಿನ್ನ ಇಷ್ಟ. ಅಂಗಡಿಯ ತುಂಬ ಕನ್ನಡಿ ಇದೆಯಲ್ಲ? ಒಂದು ಸಲ ನೋಡಿಕೋ. ಹಿಟ್ಟು ಬೇಕಾಗುವುದಿಲ್ಲ ಈಗ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಕುಣಿಯಬಲ್ಲವಳು, ಆದರೂ ನೆಲ ಡೊಂಕು ಅನ್ನುತ್ತೀಯ. ಅದೇ ನನಗೆ ಸಹಿಸಲಾಗದ್ದು.

ಅಪ್ಪನ ಪದ್ಧತಿಗೆ ಬೆಂಕಿ ಬೀಳಲಿ. ಬಾಯಿಬಿಟ್ಟು ಹೇಳುತ್ತಿದ್ದೇನೆ: ಆ ಹಾಡು ನಿನ್ನದು ಕಣೇ, ಕತ್ತೆ! ನಿನಗೋಸ್ಕರ ಎತ್ತಿದ್ದು. ಪಿಟೀಲಿನವರ ಹತ್ತಿರ ಬೈಸಿಕೊಂಡದ್ದು ನಿನಗೋಸ್ಕರ. ಹತ್ತು ವರ್ಷ ಊರವರಿಗೆಲ್ಲ ಪಾತ್ರ ಹಂಚಿದೆವು, ನೀನು ನನ್ನನ್ನು ಹಾಕಲಿಲ್ಲ, ನಾನು ನಿನ್ನನ್ನು ಹಾಕಲಿಲ್ಲ. ಮೊದಲ ಸಲ ಹಾಕಿದೆ. ನೀನು ಹರಿದು ಕಳಿಸಿದೆ.

ಮಾರ್ಚ್ ಹತ್ತಕ್ಕೆ ತಾಲೀಮು ಶುರು. ಅಷ್ಟರೊಳಗೆ ಒಪ್ಪಿಗೆ ಬರದಿದ್ದರೆ ಬೇರೆಯವರನ್ನು ನೋಡುತ್ತೇನೆ.

ತಮ್ಮ


ಫೆಬ್ರವರಿ 26

ಲೋ,

ನಾನು ಅದು ಗುಬ್ಬಚ್ಚಿಗೆ ಅಂದುಕೊಂಡೆ.

ಮಾಲೀಕ ತನ್ನ ಸ್ಪರ್ಧೆಯ ಹುಡುಗಿಗೇ ಎರಡೂ ಪಾತ್ರ ಕೊಡಿಸಿದ್ದಾನೆ, ಅವಳ ತಲೆಗೆ ಹಿಟ್ಟು ಸುರಿದು ಅಮ್ಮನ ಬೆಂಚಿನ ಮೇಲೆ ಕೂರಿಸುತ್ತಾರೆ, ನೀನು ಬಾಲ ಅಲ್ಲಾಡಿಸಿಕೊಂಡು ಒಪ್ಪಿದ್ದೀಯ ಅಂದುಕೊಂಡೆ. ಬೇರೇನು ಅಂದುಕೊಳ್ಳಲಿ? ಕಪ್ಪು ಐದು ನಾನಲ್ಲ. ನನ್ನ ಕಪ್ಪು ಐದು ಸತ್ತು ಏಳು ವರ್ಷವಾಯಿತು.

ಗಂಟಲಿನಲ್ಲಿ ಗಂಟು ಬಂದಿತ್ತು, ತೆಗೆದರು. ಗಂಟು ಕೆಟ್ಟದ್ದಲ್ಲ ಅಂತ ಆಮೇಲೆ ಗೊತ್ತಾಯಿತು, ಒಳ್ಳೆಯದೇ. ಆದರೆ ಒಂದು ಬದಿಯ ಧ್ವನಿತಂತು ಆಮೇಲೆ ಅಲ್ಲಾಡಲೇ ಇಲ್ಲ. ಮೊದಲು ಪಿಸುಮಾತು ಬಂತು. ಆಮೇಲೆ ಕೆಟ್ಟ ಕೀಲಿನ ಬಾಗಿಲಿನ ಹಾಗೆ ಒಂದು ಸದ್ದು ಬಂತು. ಅದನ್ನೇ ತಿದ್ದಿ ತೀಡಿ ಮಾತು ಮಾಡಿಕೊಂಡಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ‘ಸ’ ಹಿಡಿದು ತೋರಿಸಲು ಹೋದೆ, ಇಡೀ ತರಗತಿ ನಕ್ಕಿತು. ಮಕ್ಕಳಲ್ಲವಾ, ನಗುತ್ತವೆ. ಮಾರನೆಯ ದಿನವೇ ಬಿಟ್ಟೆ. ಗಲಾಟೆಗೆ ಸಾಕಾಗಿ ಬಿಟ್ಟೆ ಅಂತ ನಿನಗೆ ಬರೆದೆ. ಗ್ಯಾಸಿನವನು ತಮಾಷೆಗೆ ಸರ್ ಅನ್ನಲಿಲ್ಲ, ನಿಜಕ್ಕೂ ಗಂಡಸು ಅಂದುಕೊಂಡ. ನಿನ್ನ ಭಾವನ ಹತ್ತಿರ ಆಣೆ ಹಾಕಿಸಿದ್ದೆ, ನನ್ನ ತಮ್ಮನಿಗೆ ಹೇಳಿದರೆ ನನ್ನ ಹೆಣ ನೋಡುತ್ತೀರಿ ಅಂತ. ಪಾಪ, ಡಿಪೋದಲ್ಲಿ ಎಂಜಿನ್ ಕೆಟ್ಟರೆ ಊರಿಗೆಲ್ಲ ಹೇಳುವ ಮನುಷ್ಯ ಇದೊಂದನ್ನು ನುಂಗಿಕೊಂಡು ಕೂತಿದ್ದಾರೆ.

ಯಾಕೆ ಹೇಳಲಿಲ್ಲ ಅಂತ ಕುದಿಯುತ್ತಿದ್ದೀಯ, ಗೊತ್ತು. ಕುದಿ. ನೀನು ಒಂದು ಸಲ ಫೋನ್ ಮಾಡಿದ್ದರೆ ಗೊತ್ತಾಗುತ್ತಿರಲಿಲ್ಲವಾ? ಫೋನ್ ಮಾಡಬೇಡ ಅಂದೆ, ನಿಜ. ಅಕ್ಕ ಮಾಡಬೇಡ ಅಂದರೆ ಮಾಡದೇ ಇದ್ದುಬಿಡುವುದಾ, ಹತ್ತು ವರ್ಷ? ಚಿಕ್ಕವನಿದ್ದಾಗ ನನ್ನ ಒಂದು ಮಾತಾದರೂ ಕೇಳಿದ್ದೀಯಾ? ಹಾಳು ಇದೊಂದನ್ನೇ ಕೇಳಬೇಕಿತ್ತಾ ನೀನು?

ಇನ್ನೊಂದು ಹೇಳುತ್ತೇನೆ, ನಗಬೇಡ. ಕಾಗದದಲ್ಲಿ ನನ್ನ ಧ್ವನಿ ಇಳಿಯಲಿಲ್ಲ. ನಿನಗೆ ಬರೆಯಲು ಕೂತಾಗಲೆಲ್ಲ ನಾನು ಕಪ್ಪು ಐದರಲ್ಲೇ ಬಯ್ಯುತ್ತಿದ್ದೆ, ಕಪ್ಪು ಐದರಲ್ಲೇ ನಗುತ್ತಿದ್ದೆ. ಆ ಧ್ವನಿ ಉಳಿದಿದ್ದ ಜಾಗ ಅದೊಂದೇ. ಅದನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮಗಳ ಪಾತ್ರ ಬೇಕಂತೆ ನನಗೆ! ಕನ್ನಡಿ ನೋಡಿಕೊಳ್ಳಬೇಕಂತೆ! ಬಾಯಿಗೆ ಬಂದದ್ದು ಬರೆಯಲು ಅಪ್ಪನ ಪೆಟ್ಟಿಗೆ ಸಿಕ್ಕಿದ ಸೊಕ್ಕು ನಿನಗೆ. ಜನವರಿಯಲ್ಲಿ ನಿನ್ನ ಪತ್ರ ಬಂದಾಗಿನಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಗಳು ಸದ್ದು ಹೀರಿಕೊಳ್ಳುವ ಕಡೆ ನಿಂತು, ಅಜ್ಜಿಯ ಹಾಡನ್ನೇ ಹಾಡುತ್ತಿದ್ದೇನೆ. ಬಿಳಿ ಮೂರರಲ್ಲಿ. ಅಮ್ಮನ ಶ್ರುತಿಯಲ್ಲೇ. ಒರಟಾಗಿದೆ, ಆದರೆ ನಿಲ್ಲುತ್ತದೆ. ನನ್ನಿಂದ ಮಗಳ ಹಾಡು ಯಾವತ್ತೂ ಆಗುವುದಿಲ್ಲ, ಇನ್ಯಾವ ನಾಟಕದ ಇನ್ಯಾವ ಹಾಡೂ ಆಗುವುದಿಲ್ಲ. ಈ ಒಂದು ಹಾಡು ಆಗುತ್ತದೆ.

ನೀನು ಪದ್ಧತಿ ಮುರಿದೆ, ನಾನೂ ಮುರಿಯುತ್ತೇನೆ. ಅಜ್ಜಿಯ ಪಾತ್ರ ನನಗೆ ಕೊಡು. ಕೇಳುತ್ತಿದ್ದೇನೆ ಕಣೋ. ಅಪ್ಪನ ಮಗಳು ಬಾಯಿಬಿಟ್ಟು ಕೇಳುತ್ತಿದ್ದಾಳೆ.

ಅಕ್ಕ


ಮಾರ್ಚ್ 3

ಏಳು ವರ್ಷ!

ಏಳು ವರ್ಷ ನಾನು ಯಾರ ಜೊತೆ ಮಾತಾಡುತ್ತಿದ್ದೆ? ನಿನ್ನ ಗಂಟಲು ಕುಯ್ದ ವಾರ ನಾನು ಏನು ಬರೆದಿರಬಹುದು, ಹೇಳು. ಮುಳ್ಳುಮಾಮನಿಗೆ ದಪ್ಪ ಮನುಷ್ಯ ಬೇಕಾ, ತೆಳ್ಳಗಿನವನು ಬೇಕಾ ಅಂತ ಬರೆದಿರುತ್ತೇನೆ. ನೀನು ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ದಪ್ಪ ಮನುಷ್ಯ ಅಂತ ಉತ್ತರ ಬರೆದಿರುತ್ತೀಯ. ನೆನೆಸಿಕೊಂಡರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನ್ನಿಸುತ್ತದೆ. ಪೈಪಿನ ಕೆಳಗಿನ ಬಕೆಟ್ ಎಸೆದೆ. ಆಮೇಲೆ ನಾನೇ ನೆಲ ಒರೆಸಿದೆ.

ಊರವರಿಗೆ ಹೇಳಬೇಡ. ಮಾಲೀಕನಿಗೆ ಹೇಳಬೇಡ. ಒಡಹುಟ್ಟಿದವನಿಗೆ ಹೇಳಬಾರದಾ? ಏನು ಮಾಡಿಬಿಡುತ್ತಿದ್ದೆ ನಾನು? ಬರುತ್ತಿದ್ದೆ, ಅಷ್ಟೆ. ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಅದೂ ಬೇಡವಾಯಿತು ನಿನಗೆ.

ಈಗ ಪಾತ್ರ ಕೇಳುತ್ತೀಯ. ಈಗ! ಹಾಡು ಎತ್ತಿ ಆಗಿದೆ, ವಾದ್ಯದವರು ಕಲಿತು ಆಗಿದೆ. ಮೊನ್ನೆ ಮಾಲೀಕ ಹೊಸ ಷರತ್ತು ಹಾಕಿದ, ಕೊನೆಯ ಚರಣದಲ್ಲಿ ಗುಬ್ಬಚ್ಚಿಯೂ ಅಜ್ಜಿಯ ಜೊತೆ ಸೇರಿ ಹಾಡಬೇಕು ಅಂತ. ಹೇಗೂ ಇಬ್ಬರದೂ ಕಪ್ಪು ಐದು ಅಂತ ನಾನೂ ಖುಷಿಯಿಂದ ತಲೆಯಾಡಿಸಿ ಬಂದಿದ್ದೇನೆ. ಎಲ್ಲವನ್ನೂ ಕೆಳಗೆ ಇಳಿಸಿದರೆ ಅವಳ ಗಂಟಲಿನಿಂದ ಸದ್ದೇ ಹೊರಡುವುದಿಲ್ಲ. ಮಾಲೀಕನಿಗೆ ಏನು ಹೇಳಲಿ? ನನ್ನ ಅಕ್ಕ ಇವತ್ತು ಬಾಯಿಬಿಟ್ಟಳು ಅಂತಲಾ?

ಬಿಳಿ ಮೂರು ಅನ್ನುತ್ತೀಯ. ನಂಬುವುದು ಹೇಗೆ? ಗಲಾಟೆಗೆ ಸಾಕಾಯಿತು ಅಂದಾಗಲೂ ನಂಬಿದ್ದೆ. ನೀನು ಕಾಗದದಲ್ಲಿ ಏನು ಬರೆದರೂ ಇನ್ನು ಮೇಲೆ ನಾನು ನಂಬುವುದಿಲ್ಲ.


ಮಾರ್ಚ್ 14

ಮೊನ್ನೆ ಸಂಜೆ ಆರು ಗಂಟೆಗೆ ಫೋನ್ ಮಾಡಿದವನು ನೀನು.

ಇಲ್ಲ ಅನ್ನಬೇಡ. ಕುಕ್ಕರಿನ ಮುಂದೆ ನಿಂತಿದ್ದೆ, ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡೆ. ‘ಹಲೋ, ಯಾರು?’ ಅಂದೆ. ಆ ಕಡೆ ಒಂದು ಉಸಿರು. ಬಾಯಿ ತೆರೆದು ಎಳೆದುಕೊಳ್ಳುವ, ನೆಗಡಿಯ ಆ ಉಸಿರು ಯಾರದು ಅಂತ ನನಗೆ ಗೊತ್ತಿಲ್ಲವಾ? ಚಿಕ್ಕಂದಿನಲ್ಲಿ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು ಅದು. ‘ಯಾರು, ಮಾತಾಡಿ’ ಅಂದೆ. ನೀನು ಇಟ್ಟುಬಿಟ್ಟೆ.

ಹೆದರಿದೆಯಾ? ಅಸಹ್ಯವಾಯಿತಾ? ಮಕ್ಕಳಾದರೂ ನಕ್ಕವು. ನೀನು ನಗಲೂ ಇಲ್ಲ, ಬಾಗಿಲು ಮುಚ್ಚಿದ ಹಾಗೆ ಮುಚ್ಚಿದೆ. ಆ ಫೋನ್ ಹಿಡಿದುಕೊಂಡು ಕುಕ್ಕರು ಕೂಗಿ ಕೂಗಿ ಸುಮ್ಮನಾಗುವವರೆಗೂ ನಿಂತಿದ್ದೆ. ಭಾವ ಬಂದು ಒಲೆ ಆರಿಸಿದರು. “ಅವ್ನೇನಾ?” ಅಂದರು. ರಾಂಗ್ ನಂಬರ್ ಅಂದೆ.

ಮಾರ್ಚ್ ಹತ್ತೂ ಕಳೆಯಿತು. ತಾಲೀಮು ಶುರುವಾಗಿರುತ್ತದೆ. ಯಾರನ್ನೋ ಹಾಕಿರುತ್ತೀಯ. ನಾನೇನು ಸಾಯುವುದಿಲ್ಲ, ಏಳು ವರ್ಷದ ಹಿಂದೆಯೇ ಸಾಯಲಿಲ್ಲ. ಆದರೆ ನಮ್ಮ ಆಟ ಮುಗಿಯಿತು. ಇದು ನನ್ನ ಕೊನೆಯ ಕಂಪನಿ. ಮುಳ್ಳುಮಾಮನಿಗೆ ಅಪ್ಪ, ಸತ್ತವರನ್ನು ಹಾಕಬಹುದು ಅಂತ ಇದೆಯಲ್ಲ. ಪ್ರಯಾಣಿಕನಿಗೆ ನಿನ್ನ ಟಿಕೆಟ್ ಕಿಟಕಿಯವನು. ಮಗಳಿಗೆ ಗುಬ್ಬಚ್ಚಿ, ಆ ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಅಜ್ಜಿಗೆ ಯಾರೂ ಬೇಡ. ಬೆಂಚು ಖಾಲಿ ಇರಲಿ.

ಇನ್ನು ಬರೆಯಬೇಡ. ಬರೆದರೆ ಓದುವುದಿಲ್ಲ.


ಮಾರ್ಚ್ 18

ಅಕ್ಕ,

ಬೆಂಚು ಖಾಲಿ ಇಡುವುದಕ್ಕೆ ನೀನು ಯಾರು? ಈ ನಾಟಕದ ಮೇಷ್ಟ್ರು ನಾನು. ಓದುವುದಿಲ್ಲ ಅಂದೆಯಲ್ಲ, ಓದುತ್ತಿದ್ದೀಯ ನೋಡು.

ಹೌದು, ಫೋನ್ ಮಾಡಿದ್ದು ನಾನೇ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಅಪ್ಪನ ಪೆಟ್ಟಿಗೆಯ ಮೇಲೆ. ನೀನು ‘ಹಲೋ, ಯಾರು?’ ಅಂದೆ, ಆಮೇಲೆ ‘ಯಾರು, ಮಾತಾಡಿ’ ಅಂದೆ. ಅಷ್ಟು ಸಾಕಾಗಿತ್ತು. ನಾನು ಒಂದು ಮಾತು ಆಡಿದ್ದರೂ ಸಾಕು, ಜಗಳ ಹತ್ತಿಕೊಳ್ಳುತ್ತಿತ್ತು, ನಿನ್ನ ಧ್ವನಿ ಏರುತ್ತಿತ್ತು, ಅಳತೆ ಕೆಡುತ್ತಿತ್ತು. ಕಿವಿಯಲ್ಲಿರುವಾಗಲೇ ಹಿಡಿಯಬೇಕಿತ್ತು, ಅದಕ್ಕೇ ಇಟ್ಟೆ. ಇಟ್ಟು, ಅಪ್ಪ ಹೊಸಬರಿಗೆ ಮಾಡುತ್ತಿದ್ದ ಹಾಗೆ ಪೆಟ್ಟಿಗೆಯಲ್ಲಿ ನಿನ್ನ ಮನೆ ಹುಡುಕಿದೆ. ನಿನ್ನ ಧ್ವನಿ ಕೇಳಿ ಹೆದರಿದೆನಾ ಅಂತ ಕೇಳಿದ್ದೀಯ. ಹೆದರಿದೆ ಕಣೇ. ಹೆದರದೆ ಇರುತ್ತಾರಾ? ಹುಡುಕಿದ ಮೇಲೆ ಪೆಟ್ಟಿಗೆಯ ಮೇಲೆ ತಲೆ ಇಟ್ಟು ಅತ್ತೆ. ಆಮೇಲೆ ಮತ್ತೆ ಸಿಟ್ಟು ಬಂತು.

ಯಾಕೆ ಗೊತ್ತಾ? ಅಲ್ಲೂ ಸುಳ್ಳು ಬರೆದಿದ್ದೀಯ. ಬಿಳಿ ಮೂರಂತೆ, ಅಮ್ಮನದೇ ಅಂತೆ! ಅಮ್ಮನಿಗಿಂತ ಒಂದು ಮನೆ ಕೆಳಗೆ ಕೂತಿದ್ದೀಯ ನೀನು. ಬಿಳಿ ಮೂರರಲ್ಲಿ ಹಾಡಿದ್ದರೆ ಎರಡನೆಯ ದಿನವೇ ಗಂಟಲು ಹರಿದುಕೊಳ್ಳುತ್ತಿದ್ದೆ. ಜಂಬ ಯಾವತ್ತು ಬಿಡುತ್ತೀಯ?

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಬರೆಯಲು ಪುರುಸೊತ್ತಿರಲಿಲ್ಲ. ಆ ಹಾಡಿನ ವಾದ್ಯದವರೆಲ್ಲರ ಹಾಳೆಯನ್ನೂ ಮತ್ತೆ ಇಳಿಸಿ ಬರೆದೆ. ಪಿಟೀಲಿನವನು ಈಗ ನನ್ನನ್ನು ಮಾತಾಡಿಸುವುದಿಲ್ಲ. ಮಾಲೀಕ ಮೇಜು ಗುದ್ದಿದ. “ಹಾಗಾದ್ರೆ ಅಪ್ಪನ ನಾಟಕ, ಅಪ್ಪನ ಪೆಟ್ಗೆ ಎರಡೂ ತಗೊಂಡು ಹೊರಡ್ತೀನಿ” ಅಂತ ನಾನೂ ಗುದ್ದಿದೆ. ಅವನ ಮೇಜು ದೊಡ್ಡದು, ನನ್ನ ಕೈ ಊದಿದೆ. ಕೊನೆಗೆ ಗುಬ್ಬಚ್ಚಿಯೇ ಬಂದು, “ಸಾರ್, ನಾನು ಕೊನೇ ಚರಣದಲ್ಲಿ ಹಾಡಲ್ಲ, ಅವರನ್ನ ನೋಡ್ತಾ ನಿಂತಿರ್ತೀನಿ” ಅಂದಳು. ನಿಲ್ಲಲು ಬರುತ್ತದಾ ಅಂತ ಕೇಳಿದ್ದೆಯಲ್ಲ ನೀನು, ಬಂದು ನೀನೇ ಹೇಳಿಕೊಡು.

ಭಾವನಿಗೆ ಹೇಳು, ರಾಂಗ್ ನಂಬರ್ ಅಲ್ಲ ಅಂತ. ಅವರಿಗೂ ಮೊದಲ ಸಾಲಿನಲ್ಲಿ ಕುರ್ಚಿ ಇಟ್ಟಿದ್ದೇನೆ, ಗ್ರೀಸ್ ತೊಳೆದುಕೊಂಡು ಬರಲಿ.

ಹಾಳೆ ಇದರ ಜೊತೆಗಿದೆ. ನೀನು ಮಾಡಿದ ಎರಡು ತುಂಡನ್ನೇ ಹಿಂದಿನಿಂದ ಅಂಟಿಸಿದ್ದೇನೆ. ತಲೆಯ ಮೇಲೆ ಕಪ್ಪು ಐದು ಹೊಡೆದುಹಾಕಿ ಬಿಳಿ ಎರಡು ಅಂತ ಬರೆದಿದ್ದೇನೆ. ಈ ಕಂಪನಿಯಲ್ಲಿ ಆ ಮನೆ ಬೇರೆ ಯಾರದೂ ಅಲ್ಲ. ಈ ಸಲ ಹರಿದರೆ ಕೈ ಮುರಿಯುತ್ತೇನೆ.

ತಮ್ಮ